ದೊಡ್ಡಮ್ಮ ಹೇಳಿದ ಪೇಸ್ಟು

ಅಕ್ಕ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಡಾಕ್ಟರ ಪಕ್ಕ ನಿಂತು ಇಕ್ಕಳ ಕೊಡುವುದು, ಅಳುವ ಮಕ್ಕಳ ಕೈ ಹಿಡಿದುಕೊಳ್ಳುವುದು ಅವಳ ಕೆಲಸ. ಸ್ವಂತ ಮಕ್ಕಳಿಲ್ಲ, ತಂಗಿಯ ಮಗಳೆಂದರೆ ಪ್ರಾಣ. ಆ ಪುಟ್ಟಿ "ದೊಡ್ಡಮ್ಮಾ" ಎಂದು ಓಡಿಬಂದು ಕಾಲು ತಬ್ಬಿಕೊಂಡರೆ ಸಾಕು, ದಿನವಿಡೀ ನಿಂತ ಕಾಲುನೋವು ಮರೆತುಹೋಗುತ್ತಿತ್ತು. ಅಕ್ಕನ ಕೈಗುಣ ಒಳ್ಳೆಯದು, ನಾಲಿಗೆಗೆ ಮಾತ್ರ ಕಡಿವಾಣವಿಲ್ಲ.

ಒಂದು ಭಾನುವಾರ ತಂಗಿಯ ಮನೆಯಲ್ಲಿ ಪುಟ್ಟಿ ನಕ್ಕಾಗ ಹಲ್ಲುಗಳ ಬುಡದಲ್ಲಿ ಸುಣ್ಣದಂಥ ಬಿಳಿ ಮಚ್ಚೆಗಳು ಕಂಡವು. ಹುಳುಕು ಶುರುವಾಗುವ ಗುರುತು ಅದು. ಇನ್ನೂ ತೂತು ಬಿದ್ದಿರಲಿಲ್ಲ. ಈಗಲೇ ಫ್ಲೋರೈಡ್ ಸಿಕ್ಕರೆ ಹಲ್ಲು ಮತ್ತೆ ಗಟ್ಟಿಯಾಗುತ್ತಿತ್ತು. ತಂಗಿಯನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತಲ್ಲ? ಎಲ್ಲಿ! ತಂಗಿಯ ಅತ್ತೆಯ ಎದುರಿಗೇ ಅಕ್ಕ ಶುರುಹಚ್ಚಿಕೊಂಡಳು.

"ಮಗೂನ ಹೀಗೇನೇ ನೋಡ್ಕೊಳ್ಳೋದು? ಹೆತ್ತುಬಿಟ್ರೆ ಆಗೋಯ್ತಾ?"

"ಹೆರದೇ ಇರೋರಿಗೆ ಎಲ್ಲಾ ಗೊತ್ತಿರುತ್ತೆ ಬಿಡು" ಎಂದಳು ತಂಗಿ.

ತಂಗಿಯ ಗಂಡ ಇಬ್ಬರನ್ನೂ ಸಮಾಧಾನ ಮಾಡಿ, ಮರುದಿನ ಪುಟ್ಟಿಯನ್ನು ಆಸ್ಪತ್ರೆಗೆ ಕರೆತಂದ. ಡಾಕ್ಟರು ಹಲ್ಲುಗಳಿಗೆ ಫ್ಲೋರೈಡ್ ಲೇಪ ಹಚ್ಚಿದರು. ಅಕ್ಕ ತಂಗಿಗೆ ಫೋನ್ ಮಾಡಿದಳು. "ಹಳದಿಯಾಗಿ ಕಾಣುತ್ತೆ, ಅದೇ ಔಷಧಿ. ಇವತ್ತು ಉಜ್ಜಬೇಡ. ನಾಳೆಯಿಂದ ಫ್ಲೋರೈಡ್ ಇರೋ ಪೇಸ್ಟು, ಬಟಾಣಿ ಕಾಳಿನಷ್ಟು. ಉಜ್ಜಿ ಉಗುಳಲಿ, ಬಾಯಿ ಮುಕ್ಕಳಿಸೋದು ಬೇಡ."

ತಂಗಿ "ಹೂಂ" ಎಂದಳು. ಮುಂದಿನ ಭಾನುವಾರ ಪುಟ್ಟಿಯೇ ಬಾಯಿಬಿಟ್ಟಳು: "ಹಳದೀದು ಗಲೀಜು ಅಂತ ಅಮ್ಮ ಟವೆಲಲ್ಲಿ ಉಜ್ಜಿ ಉಜ್ಜಿ ತೆಗೆದ್ಲು."

ಬಚ್ಚಲಲ್ಲಿ ಹೊಸ ಪೇಸ್ಟಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 'ಫ್ಲೋರೈಡ್ ಇಲ್ಲ' ಎಂದು ಬರೆದಿತ್ತು.

"ಫ್ಲೋರೈಡ್ ವಿಷವಂತೆ. ಫೋನಲ್ಲಿ ಬಂದಿತ್ತು."

"ಬೊಗಸೆಗಟ್ಟಲೆ ತಿಂದ್ರೆ ಉಪ್ಪೂ ವಿಷಾನೇ ಕಣೇ! ಅಳತೆ ಅನ್ನೋದಿಲ್ವಾ?"

"ನನ್ನ ಮಗಳು, ನನ್ನಿಷ್ಟ."

"ಹಾಳಾಗಿ ಹೋಗು!" ಎಂದು ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಂದು ಟ್ಯೂಬು ತಂದುಕೊಟ್ಟು ಕೈಮುಗಿದಿದ್ದರೆ ಗಂಟೇನು ಹೋಗುತ್ತಿತ್ತು? ಅವಳೇ ಬಂದು ತಪ್ಪಾಯಿತು ಎನ್ನಲಿ ಎಂದು ಹಠ ಹಿಡಿದಳು. ಹಠ ಇವರಿಬ್ಬರದು, ಹಲ್ಲು ಪಾಪ ಆ ಮಗುವಿನದು.

ವರ್ಷ ಕಳೆದ ಮೇಲೆ ತಂಗಿ ಆಸ್ಪತ್ರೆಗೆ ಬಂದಳು, ಕೆನ್ನೆ ಊದಿದ ಪುಟ್ಟಿಯನ್ನು ಎತ್ತಿಕೊಂಡು. ಎರಡು ದವಡೆಹಲ್ಲು ಬುಡದವರೆಗೂ ಕೊಳೆತಿದ್ದವು. ಕೀಳದೆ ಬೇರೆ ದಾರಿಯಿರಲಿಲ್ಲ.

ಅಷ್ಟು ಹೊತ್ತು ಅಳುತ್ತಿದ್ದ ಪುಟ್ಟಿ ಅಕ್ಕನನ್ನು ನೋಡಿದ್ದೇ ಸುಮ್ಮನಾದಳು. "ನೋವಾಗುತ್ತಾ ದೊಡ್ಡಮ್ಮಾ?"

"ಇಲ್ಲ ಚಿನ್ನ, ನಾನಿದೀನಲ್ಲ."

ಕೀವು ತುಂಬಿದ ಕಡೆ ಮರಗಟ್ಟಿಸುವ ಇಂಜೆಕ್ಷನ್ ಸರಿಯಾಗಿ ಹತ್ತುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು. ಡಾಕ್ಟರು ಇಕ್ಕಳ ಹಾಕಿದಾಗ ಪುಟ್ಟಿ ಕಿರುಚಿದಳು, ಕೈ ಬಿಡಿಸಿಕೊಳ್ಳಲು ಒದ್ದಾಡಿದಳು. ಅಕ್ಕ ಬಿಡಲಿಲ್ಲ, ಬಿಡುವ ಹಾಗೂ ಇರಲಿಲ್ಲ. ಮಗು ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು.

ಗಾಯ ಮಾಯ್ದ ಮೇಲೆ ಅಕ್ಕ ಗೊಂಬೆ ಹಿಡಿದು ತಂಗಿಯ ಮನೆಗೆ ಹೋದಳು. ಬಾಗಿಲಲ್ಲಿ ಅವಳನ್ನು ಕಂಡದ್ದೇ ತಡ, ಪುಟ್ಟಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡಳು. ಒಳಗಿಂದ ಬ್ರಷ್ ತಿಕ್ಕುವ ಸದ್ದು ಕೇಳಿಸಿತು.

"ಒಳಗೆ ಬಾರಕ್ಕಾ" ಎಂದಳು ತಂಗಿ, ಎಷ್ಟೋ ದಿನದ ಮೇಲೆ ಅಕ್ಕರೆಯಿಂದ. "ನೀನು ಹೇಳಿದ ಪೇಸ್ಟೇ ತಂದಿದೀನಿ. ದೊಡ್ಡಮ್ಮನ್ನ ಕರೀತೀನಿ ಅಂದ್ರೆ ಸಾಕು, ಎರಡು ಹೊತ್ತೂ ಉಜ್ತಾಳೆ."