ಸೊನ್ನೆ ಬಂದ ತಟ್ಟೆ

ತಟ್ಟೆಯ ಹದಿನಾರನೆಯ ಗುಂಡಿಯಲ್ಲೂ ಸೊನ್ನೆಯೇ ಬಂದಾಗ ತೊಮಿಯೆ ಮೊಮೊಸೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿದಳು. ಸೊನ್ನೆಯೇ.

ಮಾತ್ಸುಮೊತೊದ ಈ ಪ್ರಯೋಗಾಲಯದಲ್ಲಿ ಅವಳಿಗೆ ಹನ್ನೊಂದು ವರ್ಷ ಸವೆದಿತ್ತು. ಸುಂಡಿಲಿಯ ಕತ್ತು ಮುರಿಯುವುದು, ತೊಡೆಮೂಳೆಯ ಎರಡೂ ತುದಿ ಕತ್ತರಿಸಿ ಒಳಗಿನ ಮಜ್ಜೆಯನ್ನು ಸೂಜಿಯ ನೀರಿನಿಂದ ತೊಳೆದು ತೆಗೆಯುವುದು, ಅದನ್ನು ತಟ್ಟೆಯ ಗುಂಡಿಗಳಲ್ಲಿ ಎಂಟು ದಿನ ಬೆಳೆಸಿ, ಬಣ್ಣ ಹಾಕಿ ಎಣಿಸುವುದು. ಕೆಂಪಗಾಗಿ, ಒಡಲಲ್ಲಿ ಮೂರೋ ಮೂರಕ್ಕಿಂತ ಹೆಚ್ಚೋ ಬೀಜದಂಥ ಕೇಂದ್ರಗಳಿದ್ದರೆ ಅದು ಮೂಳೆ ತಿನ್ನುವ ಕೋಶ. ಎರಡೇ ಇದ್ದರೆ ಲೆಕ್ಕಕ್ಕಿಲ್ಲ. ಮೂಳೆ ಕಟ್ಟುವ ಕೋಶಗಳೇ ಈ ತಿನ್ನುವ ಕೋಶಗಳನ್ನೂ ಕರೆದು ಹುಟ್ಟಿಸುತ್ತವೆ. ಹದ ಮೀರಿ ಹುಟ್ಟಿದರೆ ಮುದುಕಿಯರ ಸೊಂಟ ಒಣಕಡ್ಡಿಯಂತೆ ಮುರಿಯುತ್ತದೆ. ಸಾಕು, ಇನ್ನು ಹುಟ್ಟಬೇಡಿ ಎಂದು ತಡೆಯುವ ಕೈಯೂ ಮೈಯೊಳಗೇ ಎಲ್ಲೋ ಇರಬೇಕು. ಆ ಕೈಯನ್ನು ಹುಡುಕುವುದೇ ಅಲ್ಲಿ ಎಲ್ಲರಿಗೂ ಹಿಡಿದ ಹುಚ್ಚು.

ಈ ಸಲ ಅದು ಸಿಕ್ಕಿತೆಂದು ಅಸಾಹಿನಾ ನಂಬಿದ್ದ. ಮೂವತ್ತೆರಡರ ಸಂಶೋಧಕ, ಕರುವಿನ ಗುಲ್ಮವೆಂಬ ಒಳಾಂಗದಿಂದ ಇಳಿಸಿದ ದ್ರವವೊಂದರ ಹಿಂದೆ ಮೂರು ವರ್ಷ ಬಿದ್ದಿದ್ದ. ಆ ದ್ರವ ಬಿದ್ದ ಗುಂಡಿಗಳಲ್ಲಿ ಒಂದೂ ಕೆಂಪು ಕೋಶವಿಲ್ಲ. ತೊಮಿಯೆಗೆ ಮಾತ್ರ ಬೇರೊಂದು ಕಂಡಿತು. ತಳದಲ್ಲಿ ಚಾಪೆಯಂತೆ ಹರಡಿರಬೇಕಾದ ಕಟ್ಟುವ ಕೋಶಗಳು ಸುರುಟಿ, ಅಂಚಿನಿಂದ ಎದ್ದು ನಿಂತಿದ್ದವು. ಈ ದ್ರವ ಹುಟ್ಟನ್ನು ತಡೆದಿರಲಿಲ್ಲ. ಹೆರುವವಳನ್ನೇ ಕೊಂದಿತ್ತು.

ಮೊಗಸಾಲೆಯಲ್ಲಿ ಅವನನ್ನು ನಿಲ್ಲಿಸಿ, ತಗ್ಗಿದ ದನಿಯಲ್ಲಿ ಅಷ್ಟನ್ನೂ ಹೇಳಿದಳು. ಅಸಾಹಿನಾ ನಗುತ್ತಲೇ ಕೇಳಿಸಿಕೊಂಡ.

"ಮೊಮೊಸೆ ಅವ್ರೇ, ನಾವು ನಿಮ್ಮನ್ನ ಇಟ್ಕೊಂಡಿರೋದು ಕಣ್ಣಿಗೆ. ಈ ಕಣ್ಣಿಗೆ ಬಾಯಿ ಯಾವಾಗ ಬಂತು?"

ಆಮೇಲೆ, ಮಾರ್ಚಿನಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂಬ ಪಟ್ಟಿ ಈ ಸಲ ತಾನೇ ಬರೆಯುತ್ತಿರುವುದಾಗಿ, ಹವಾಮಾನದ ಸುದ್ದಿ ಹೇಳುವಂತೆ ಹೇಳಿ ಹೋದ. ತೊಮಿಯೆಯದು ವರ್ಷವರ್ಷಕ್ಕೆ ನವೀಕರಿಸುವ ಕೆಲಸ. ನಲವತ್ತಾರು ದಾಟಿದವಳನ್ನು ಬೇರೆ ಯಾರೂ ಕರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಸೋಮವಾರದ ಸಭೆಯಲ್ಲಿ ಎಣಿಸಿದವರು ಎದ್ದು ನಿಂತು ಅಂಕಿ ಓದಬೇಕು, ಅಷ್ಟೇ. ಆಸೆ ಲೆಕ್ಕಕ್ಕೆ ಅಂಟಬಾರದೆಂದು ಪ್ರಯೋಗಾಲಯದ ಯಜಮಾನ ಕುರಿತಾ ಮೇಷ್ಟ್ರು ಮಾಡಿದ ಕಟ್ಟಳೆ ಅದು. ಅಂಕಿಯ ಮೇಲೆ ಒಂದು ಮಾತೂ ಕೂಡದು. ತೊಮಿಯೆ ಹದಿನಾರು ಸಲ ಸೊನ್ನೆ ಓದಿದಳು. ಒಂದೂ ಸುಳ್ಳಲ್ಲ. ಮೇಷ್ಟ್ರು ತಟ್ಟೆ ತರಿಸಿ ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಚೆನ್ನಾಗಿದೆ. ದೊಡ್ಡದಾಗಿ ಮಾಡಿ," ಎಂದರು.

ದೊಡ್ಡದೆಂದರೆ ನೂರಿಪ್ಪತ್ತು ಸುಂಡಿಲಿ. ಒಂದು ವಾರ ಪೂರ್ತಿ ತೊಮಿಯೆ ಬಾಲ ಹಿಡಿದಳು, ಕತ್ತಿನ ಮೇಲೆ ಇಕ್ಕಳ ಒತ್ತಿದಳು, ಎಳೆದಳು. ಪ್ರತಿಯೊಂದಕ್ಕೂ ಅಜ್ಜಿ ಕಲಿಸಿದ ಅಮಿದಾ ಬುದ್ಧನ ನಾಮ ಒಂದು ಸಲ. ನಾಮ ಮುಗಿಯುವುದರೊಳಗೆ ಕಾಲಿನ ಒದ್ದಾಟ ನಿಂತಿರುತ್ತಿತ್ತು. ಬುಧವಾರದ ಹೊತ್ತಿಗೆ ಅವಳ ಹೆಬ್ಬೆರಳು ಊದಿತು. ಅಸಾಹಿನಾ ಬಾಗಿಲಲ್ಲಿ ನಿಂತು, ಬೆರಳಿಗೂ ಬಾಯಿ ಬಂತೇನೋ ಎಂದು ಕೇಳಿ ಹೋದ.

ಎಂಟು ದಿನ ಕಳೆದು ಮತ್ತೆ ಸೊನ್ನೆಗಳೇ ಬಂದವು. ಬಣ್ಣ ಹಾಕದೆ ಉಳಿಸಿದ್ದ ಒಂದು ತಟ್ಟೆಗೆ ಅವಳು ಯಾರನ್ನೂ ಕೇಳದೆ ನೀಲಿ ಸುರಿದಳು. ಬದುಕಿರುವ ಕೋಶ ಆ ನೀಲಿಯನ್ನು ಒಳಗೆ ಬಿಡುವುದಿಲ್ಲ, ಸತ್ತದ್ದು ಕುಡಿಯುತ್ತದೆ. ದ್ರವ ಬಿದ್ದ ಗುಂಡಿಗಳೆಲ್ಲ ಮೂಲೆಮೂಲೆಗೂ ನೀಲಿಯಾದವು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಷ್ಟ್ರ ಕೋಣೆಗೆ ಹೋಗಿ, ಮೇಜಿನ ಮೇಲಿಟ್ಟು ತಲೆಬಾಗಿ ನಿಂತಳು. ಕೆಲಸ ಹೋದರೆ ಹೋಗಲಿ ಎಂದು ಮೆಟ್ಟಿಲು ಹತ್ತುವಾಗಲೇ ಅಂದುಕೊಂಡಿದ್ದಳು.

ಕುರಿತಾ ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ತಟ್ಟೆಯನ್ನು ಒಮ್ಮೆ ನೋಡಿ, ಅದರ ಮೇಲೆ ಕಾಗದವೊಂದನ್ನು ಮುಚ್ಚಿದರು.

"ಮೊದಲನೇ ಸೋಮವಾರವೇ ಕಂಡಿತ್ತು ನನಗೆ."

ಹಾಗಾದರೆ ದೊಡ್ಡದಾಗಿ ಮಾಡಿ ಎಂದದ್ದೇಕೆಂದು ತೊಮಿಯೆ ಕೇಳಿದಳು.

"ಅವನಾಗೇ ನೋಡ್ಲಿ ಅಂತ. ನೋಡ್ಲಿಲ್ಲ. ಮುಂದಿನ ತಿಂಗಳು ನಗೋಯಾದ ಸಮ್ಮೇಳನದಲ್ಲಿ ನೂರಾರು ಜನರ ಮುಂದೆ ಹೇಳ್ತಾನೆ, ಅಲ್ಲಿ ಯಾರಾದ್ರೂ ತೋರಿಸ್ತಾರೆ. ಅಂಥವನು ನನಗೆ ಬೇಡ. ಓಡಿಸೋ ಕೆಲಸ ನಾನೇ ಯಾಕೆ ಮಾಡ್ಲಿ?"

"ಸುಂಡಿಲಿಗಳು, ಮೇಷ್ಟ್ರೇ?"

"ಶರತ್ಕಾಲದಲ್ಲಿ ಅವಕ್ಕೆ ಪೂಜೆ ಇದೆಯಲ್ಲಮ್ಮಾ."

ನಗೋಯಾದಲ್ಲಿ ಹಾಗೇ ಆಯಿತು. ಬೇರೆ ಊರಿನ ಒಬ್ಬ ಮುದುಕಿ ಎದ್ದು, ಕೋಶಗಳು ಬದುಕಿದ್ದವೇ ಎಂದು ಸೌಮ್ಯವಾಗಿ ಕೇಳಿದಳಂತೆ. ಅಸಾಹಿನಾ ಕೈಯಲ್ಲಿದ್ದ ಕಾಗದಗಳನ್ನು ಎರಡು ಸಲ ಮಗುಚಿದನಂತೆ. ಜನ ನಗಲಿಲ್ಲ, ಕಣ್ಣು ತಗ್ಗಿಸಿದರು, ಅದೇ ಹೆಚ್ಚಾಯಿತು. ಊರಿಗೆ ಮರಳಿದವನು, ಎಣಿಸಿದವಳು ಇದನ್ನು ಮೊದಲೇ ಹೇಳಬೇಕಿತ್ತು ಎಂದು ಎಲ್ಲರೆದುರಿಗೆ ಹೇಳಿದ. ಮೇಷ್ಟ್ರು ಅಲ್ಲೇ ಇದ್ದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಅಕ್ಟೋಬರಿನಲ್ಲಿ, ಸತ್ತ ಸುಂಡಿಲಿಗಳ ನೆನಪಿಗೆ ನಿಲ್ಲಿಸಿದ ಹಿತ್ತಿಲ ಕಲ್ಲಿನ ಮುಂದೆ ಪೂಜೆ ನಡೆಯಿತು. ಪ್ರತಿ ವರ್ಷದಂತೆ ಎಲ್ಲರ ಕೈಯಲ್ಲೂ ಒಂದೊಂದು ಬಿಳಿ ಸೇವಂತಿಗೆ. ಭಿಕ್ಷು ಸೂತ್ರ ಪಠಿಸಿದ. ನಿಮ್ಮ ಜೀವ ವ್ಯರ್ಥವಾಗಲಿಲ್ಲ ಎಂಬ ಕೃತಜ್ಞತೆಯ ಮಾತನ್ನು ಮೇಷ್ಟ್ರು ಓದಿದರು. ಆಮೇಲೆ ಆ ವರ್ಷ ಸತ್ತವುಗಳ ಸಂಖ್ಯೆ ಓದುವ ಪದ್ಧತಿ, ಅದು ಎಣಿಸುವವಳದ್ದು.

ತೊಮಿಯೆ ಮುಂದೆ ಬಂದು, ಸಭೆಯಲ್ಲಿ ಓದುವ ದನಿಯಲ್ಲೇ ಓದಿದಳು: "ಸಾವಿರದ ನಾನೂರ ಆರು. ಅದ್ರಲ್ಲಿ ನೂರಿಪ್ಪತ್ತು, ಗೊತ್ತಿದ್ದೂ ಕೊಂದದ್ದು. ಅಸಾಹಿನಾ ಅವರಿಗೆ ಪಾಠ ಆಗ್ಲಿ ಅಂತ."

ಯಾರೂ ತಲೆ ಎತ್ತಲಿಲ್ಲ. ಎತ್ತುವ ಹೊತ್ತಲ್ಲ ಅದು. ಅಂಕಿ ಓದಿದ ಮೇಲೆ ಬಾಗಬೇಕು. ಎಲ್ಲರೂ ಬಾಗಿದರು, ಮೇಷ್ಟ್ರೂ ಬಾಗಿದರು, ಎಲ್ಲರಿಗಿಂತ ತಡವಾಗಿ ಎದ್ದರು. ಕಲ್ಲಿಗೆ ಹೂವಿಟ್ಟು ಹಿಂತಿರುಗುವಾಗ ಅವಳ ಪಕ್ಕದಲ್ಲಿ ನಿಂತು, ಎದೆಯ ಮೇಲೆ ಬಿದ್ದ ಧೂಪದ ಬೂದಿ ಕೊಡವಿಕೊಳ್ಳುತ್ತ, ಮಾರ್ಚಿನ ಪಟ್ಟಿ ಈಗ ನಾನೇ ಬರೀತಿದೀನಿ ಎಂದರು.

ತೊಮಿಯೆ ಹೌದೆಂದು ತಲೆಯಾಡಿಸಿದಳು. ಹತ್ತು ಗಂಟೆಗೆ ಎಂಟನೆಯ ದಿನದ ತಟ್ಟೆಗಳಿಗೆ ಬಣ್ಣ ಹಾಕಬೇಕಿತ್ತು. ಮಾರ್ಚಿಗೆ ಇನ್ನೂ ಐದು ತಿಂಗಳಿತ್ತು. ಅವಳು ಒಳಗೆ ಹೋಗಿ ಕೈ ತೊಳೆದುಕೊಂಡಳು.