ಶಕ್ತಿ ಮಾತ್ರೆ

ಆ ಮನೆಯಲ್ಲಿ ಅತ್ತಿಗೆಯ ಮಾತ್ರೆಗೆ ‘ಶಕ್ತಿ ಮಾತ್ರೆ’ ಎಂದು ಹೆಸರು. ಖಿನ್ನತೆಯ ಮಾತ್ರೆ ಎಂದುಬಿಟ್ಟರೆ ನೆಂಟರ ಬಾಯಿಗೆ ಬೀಗ ಹಾಕುವವರು ಯಾರು? ಅದಕ್ಕೇ ಅಮ್ಮ ಅದನ್ನು ವಿಟಮಿನ್ ಬಾಟಲಿಗೆ ತುಂಬಿಸಿಡುತ್ತಿದ್ದಳು. ಪ್ರತಿ ತಿಂಗಳೂ ಸ್ಟ್ರಿಪ್ಪಿನಿಂದ ಒಂದೊಂದಾಗಿ ಬಿಡಿಸಿಕೊಡುವ ಕೆಲಸ ನಾದಿನಿಯದು. ಒಂದು ವರ್ಷದಿಂದ ಆಕೆ ಬಾಯಿ ಮುಚ್ಚಿಕೊಂಡು ಬಿಡಿಸಿಕೊಟ್ಟಿದ್ದಳು; ಒಳ್ಳೆಯ ಮಗಳು ಎನ್ನಿಸಿಕೊಳ್ಳಲು ಅಷ್ಟು ಸಾಕಿತ್ತು.

ಅತ್ತಿಗೆಗೆ ಇಸ್ತ್ರಿ ಅಂಗಡಿಯಲ್ಲಿ ಕೆಲಸ. ನಿಂತು ನಿಂತು ಸೊಂಟ ಹಿಡಿದುಕೊಂಡ ದಿನ ಅಮ್ಮ ಬಿಸ್ಕೆಟ್ ಡಬ್ಬಿ ತೆರೆದಳು. ಯಾರಿಗೋ ಬರೆದುಕೊಟ್ಟು ಉಳಿದ ಮಾತ್ರೆಗಳೆಲ್ಲ ಅದರಲ್ಲಿ ಸೇರಿಕೊಂಡು ಮನೆಮಂದಿಗೆಲ್ಲ ಹಂಚಿಕೆಯಾಗುತ್ತಿದ್ದವು.

“ತಗೋ, ಮಂಡಿ ಆಪರೇಷನ್ ಆದಾಗ ನಂಗೆ ಕೊಟ್ಟಿದ್ದು. ನುಂಗಿ ನೋಡು, ನಾಳೆ ಕುಣೀತೀಯ.”

“ಡಾಕ್ಟರನ್ನ ಒಂದು ಮಾತು ಕೇಳಬೇಡ್ವಾ ಅತ್ತೆ? ನಾನು ಆ ಮಾತ್ರೆ ಬೇರೆ ತಗೋತಿದೀನಿ...”

“ಕೇಳು, ಕೇಳು. ಹಾಗೇ ಬೀದಿಗೆಲ್ಲ ಡಂಗುರ ಹೊಡ್ಸು!”

ಅತ್ತಿಗೆ ನುಂಗಿದಳು; ರಾತ್ರಿ ಇನ್ನೊಂದು, ಬೆಳಿಗ್ಗೆ ಮತ್ತೆರಡು. ನಾದಿನಿ ನೋಡುತ್ತ ಕುಳಿತಳು.

ಮರುದಿನ ಮಧ್ಯಾಹ್ನ ಅಂಗಡಿಯವರು ಆಕೆಯನ್ನು ಹೊತ್ತುಕೊಂಡೇ ಬಂದರು. ಮೈಯೆಲ್ಲ ಬೆವರು, ಕೆಂಡದಂಥ ಜ್ವರ, ಕಾಲುಗಳು ತಮ್ಮಷ್ಟಕ್ಕೆ ತಾವೇ ಅದುರುತ್ತಿದ್ದವು. ಆಕೆಗೆ ಗಂಡನ ಗುರುತೂ ಸಿಗಲಿಲ್ಲ.

“ಬೇರೆ ಏನಾದ್ರೂ ಮಾತ್ರೆ ತಗೋತಿದ್ರಾ?” ಎಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು.

“ಏನೂ ಇಲ್ಲ. ಶಕ್ತಿ ಮಾತ್ರೆ ಅಷ್ಟೇ,” ಎಂದಳು ಅಮ್ಮ.

ಅಣ್ಣ ನೆಲ ನೋಡಿದ. “ಹೂಂ, ವಿಟಮಿನ್.”

ಹೆಂಡತಿಯ ಹಲ್ಲು ಕಟಕಟ ಬಡಿದುಕೊಳ್ಳುತ್ತಿತ್ತು, ಗಂಡನೆಂಬವನಿಗೆ ಮರ್ಯಾದೆಯ ಚಿಂತೆ! ನಾದಿನಿಗೆ ಅವನ ಮೇಲೆ, ಅಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೆ ಮೈ ಉರಿದುಹೋಯಿತು. ಅವಳು ಡಾಕ್ಟರಮ್ಮನ ಎದುರಿಗೇ ಹೋಗಿ ನಿಂತಳು.

“ಸುಳ್ಳು! ಖಿನ್ನತೆಗೆ ಮಾತ್ರೆ ತಗೋತಾರೆ. ಅದರ ಮೇಲೆ ಅಮ್ಮನ ನೋವಿನ ಮಾತ್ರೆ, ನಿನ್ನೆಯಿಂದ ನಾಲ್ಕು!” ಎಂದು ಎರಡರ ಹೆಸರನ್ನೂ ಹೇಳಿದಳು.

ಡಾಕ್ಟರಮ್ಮನ ಮುಖ ಬಿಗಿದುಕೊಂಡಿತು. “ಇವೆರಡೂ ಸೇರಿದ್ರೆ ಜೀವಕ್ಕೇ ಕುತ್ತು ಕಣ್ರೀ. ನೀವು ಸುಮ್ನಿದ್ದಿದ್ರೆ ನಾನೂ ಜ್ವರಕ್ಕೇ ಔಷಧಿ ಕೊಡ್ತಾ ಕೂತಿರ್ತಿದ್ದೆ!” ಎನ್ನುತ್ತಲೇ ಒಳಗೆ ಓಡಿದರು.

ಅಮ್ಮ ಹಲ್ಲು ಕಚ್ಚಿದಳು. “ಮನೆ ಮಾನ ಬೀದಿಗೆ ತಂದೆಯಲ್ಲೇ!”

“ಇಲ್ದಿದ್ರೆ ಹೆಣ ಬರ್ತಿತ್ತಮ್ಮ ಬೀದಿಗೆ.”

ಮೂರನೆಯ ದಿನ ಅತ್ತಿಗೆ ಎದ್ದು ಕುಳಿತಳು. ನೋಡಲು ಬಂದ ಚಿಕ್ಕಮ್ಮನಿಗೆ ಅಮ್ಮ ಶುರು ಹಚ್ಚಿಕೊಂಡಳು: “ಬರೀ ಜ್ವರ ಕಣೇ, ತಲೆಗೇರಿತ್ತು.”

“ಜ್ವರ ಅಲ್ಲ, ಚಿಕ್ಕಮ್ಮ,” ಎಂದಳು ಅತ್ತಿಗೆ. ಅಮ್ಮ ಆಕೆಯ ತೋಳು ಹಿಡಿದು ಒತ್ತಿದಳು. “ಕೈ ಬಿಡಿ ಅತ್ತೆ. ನಾನು ಖಿನ್ನತೆಗೆ ಮಾತ್ರೆ ತಗೋತೀನಿ. ಡಾಕ್ಟರ್ ಹೇಳೋವರೆಗೂ ತಗೋತೀನಿ. ಮುಚ್ಚಿಟ್ಟು ಮುಚ್ಚಿಟ್ಟು ಸತ್ತೇ ಹೋಗ್ತಿದ್ದೆ.”

ಚಿಕ್ಕಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನಾನೂ ತಗೋತೀನಿ ಕಣೇ. ಆರು ವರ್ಷ ಆಯ್ತು. ಮನೇಲಿ ಬಿಪಿ ಮಾತ್ರೆ ಅಂದಿದೀನಿ.”

ಅಮ್ಮ ಅತ್ತಿಗೆಯ ತೋಳು ಬಿಟ್ಟಳು.

“ನಿಮ್ಮ ಬೆನ್ನುನೋವಿಗೆ ಮಾತ್ರೆ ಕೊಡ್ತಾರಲ್ಲ, ಆ ಡಾಕ್ಟರಿಗೆ ಇದು ಗೊತ್ತಾ?” ಎಂದಳು ನಾದಿನಿ.

ಚಿಕ್ಕಮ್ಮ ಇಲ್ಲವೆಂದು ತಲೆಯಾಡಿಸಿದರು.

ನಾದಿನಿ ಅವರ ಕೈ ಹಿಡಿದು ಎಬ್ಬಿಸಿದಳು. “ಏಳಿ. ಡಾಕ್ಟರಮ್ಮ ಇನ್ನೂ ವಾರ್ಡಿನಲ್ಲೇ ಇದಾರೆ.”