ಪುಟ್ಟಯ್ಯನವರ ಖಾತೆ

ಗಾಂಧಿ ಬಜಾರಿನ ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ವರದರಾಜ ಬಾಡಿಗೆ ಮನೆಗಳ ವೆಬ್‌ಸೈಟ್ ನಡೆಸುತ್ತಿದ್ದ. ೨೦೦೬ರ ಮಾತು. ಮನೆ ಹುಡುಕುವವರೂ ಮನೆ ಕೊಡುವವರೂ ಅದರಲ್ಲಿ ಖಾತೆ ತೆರೆಯಬೇಕು. ಯಾರಿಗೆ ಯಾರನ್ನು ತೋರಿಸಬೇಕೆಂದು ಸೈಟೇ ನೋಡಿಕೊಳ್ಳುತ್ತಿತ್ತು. ಅದರ ಹಿಂದಿನ ಪ್ರೋಗ್ರಾಮನ್ನೆಲ್ಲ ಬರೆದವನು ಅಭಿನಂದನ್. ಖಾತೆ ತೆರೆಯಲಿ, ತಿದ್ದಲಿ, ಅಳಿಸಲಿ, ಎಲ್ಲವೂ ಅವನು ಕಟ್ಟಿದ ಎಪಿಐ ಎಂಬ ಒಳಬಾಗಿಲಿನ ಮೂಲಕವೇ ಆಗಬೇಕಿತ್ತು. ಇಂಥವರ ಖಾತೆಯಲ್ಲಿ ಇಂಥದ್ದು ಬದಲಾಗಲಿ ಎಂದು ಸರ್ವರಿನ ವಿಳಾಸಕ್ಕೆ ಒಂದು ಸಾಲು ಕಳಿಸಿದರೆ ಸಾಕು, ಬದಲಾಗಿಬಿಡುತ್ತಿತ್ತು. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು.

ಒಂದು ದಿನ ವರದರಾಜ ಅವನ ಮೇಜಿನ ಹತ್ತಿರ ಬಂದು ನಿಂತ.

"ಗುರು, ಓನರ್‌ಗಳೆಲ್ಲ ಫೋನ್ ಮಾಡಿ ಒಂದೇ ಕೇಳ್ತಾರೆ. ನಮ್ಮವ್ರಾ, ಬೇರೆಯವ್ರಾ ಅಂತ. ಒಬ್ಬೊಬ್ಬರ ಅಕೌಂಟ್‌ಗೂ ಅದೊಂದು ಸೇರಿಸ್ಬಿಡು. ಮನೆ ಹುಡುಕೋವ್ರಿಗೆ ಕಾಣಬಾರದು, ಅಷ್ಟೆ."

ಹೆಸರು, ಫೋನ್ ನಂಬರಿನ ಜೊತೆಗೆ ಬೇಕಾದ ವಿವರಗಳನ್ನು ಸೇರಿಸಿಕೊಳ್ಳಲು ಅಭಿನಂದನ್ ಮೊದಲೇ ಪ್ರತಿ ಖಾತೆಯಲ್ಲೂ ಅವಕಾಶ ಇಟ್ಟಿದ್ದ. ಅಲ್ಲಿ 'ಗುಂಪು' ಎಂಬ ಹೊಸ ಕಲಂ ಮಾಡಿದ. ಜಾತಿಯ ಹೆಸರು ಬರೆಯುವುದು ಬೇಡವೆಂದು ಒಂದು, ಎರಡು, ಮೂರು ಎಂದಿಟ್ಟ. ಬಂದ ಹೆಸರುಗಳನ್ನು ನೋಡಿ ಅಂದಾಜಿನ ಮೇಲೆ ಸಂಖ್ಯೆ ತುಂಬುವ ಕೆಲಸ ಮುಂದಿನ ಮೇಜಿನ ಆರಾಧನಾಳದು. ಇಂಥ ಗುಂಪಿನವರೇ ಬೇಕು ಎಂದು ಓನರ್ ಹೇಳಿದರೆ, ಉಳಿದವರಿಗೆ ಆ ಮನೆ ಕಾಣಿಸುತ್ತಲೇ ಇರಲಿಲ್ಲ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಯಾಕೆ, ಏನು ಎಂದು ಅವನು ಕೇಳಲಿಲ್ಲ.

ಅವನ ತಂದೆ ಪುಟ್ಟಯ್ಯ ಅಕ್ಕಿಪೇಟೆಯ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಚಾಮರಾಜಪೇಟೆಯಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ತಾಯಿ ಲಕ್ಕಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದೇ ಕಷ್ಟ. ಕೆಳಮಹಡಿಯ ಮನೆ ಸಿಕ್ಕರೆ ಸಾಕೆಂದು ಪುಟ್ಟಯ್ಯ ತಾವೇ ಬ್ರೌಸಿಂಗ್ ಸೆಂಟರಿಗೆ ಹೋಗಿ ಮಗನ ಸೈಟಿನಲ್ಲಿ ಖಾತೆ ತೆರೆದರು. "ನಿನ್ ಕಂಪ್ಯೂಟರ್‌ಗೆ ನಾನೂ ಸೇರ್ಕೊಂಡೆ ಕಣಪ್ಪಾ" ಎಂದು ಊಟಕ್ಕೆ ಕೂತಾಗ ನಕ್ಕರು.

ಮರುದಿನ ಅಭಿನಂದನ್ ತಂದೆಯ ಖಾತೆ ತೆರೆದು ನೋಡಿದ. ಗುಂಪು: ಮೂರು. ಆರಾಧನಾ ತುಂಬಿದ್ದಳು. ಬಸವನಗುಡಿಯಲ್ಲಿ ದೊರೆಸ್ವಾಮಿ ಎಂಬುವರ ಕೆಳಗಿನ ಮನೆ ಖಾಲಿ ಇತ್ತು. ತಾಯಿಗೆ ಹೇಳಿ ಮಾಡಿಸಿದಂಥ ಮನೆ. ಆದರೆ ಅವರು ಕೇಳಿದ್ದು ಒಂದನೇ ಗುಂಪಿನವರನ್ನು. ತಾನೇ ಕಟ್ಟಿದ್ದನ್ನು ಅವನು ಸುಮ್ಮನೆ ನೋಡುತ್ತ ಕುಳಿತ. ಆಮೇಲೆ ಅಕ್ಕಪಕ್ಕ ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು ಎಪಿಐಗೆ ಒಂದು ಸಾಲು ಕಳಿಸಿದ. ಮೂರು ಹೋಗಿ ಒಂದಾಯಿತು. ದೊರೆಸ್ವಾಮಿ ಅಪ್ಪ ಅಮ್ಮನ ಒಳ್ಳೆಯತನ ನೋಡಿದರೆ ಒಪ್ಪಿಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿಕೊಂಡ.

ಸಂಜೆಯೇ ದೊರೆಸ್ವಾಮಿ ಸೈಟಿನಲ್ಲಿ ಹೆಸರು ನೋಡಿ ಪುಟ್ಟಯ್ಯನವರಿಗೆ ಫೋನ್ ಮಾಡಿ ಕರೆದರು. ಭಾನುವಾರ ಮೂವರೂ ಹೋದರು.

ದೊರೆಸ್ವಾಮಿ ಮೇಷ್ಟರಾಗಿದ್ದವರು, ಮೃದು ಮಾತಿನವರು. ಅವರ ಹೆಂಡತಿ ಗೋದಾ ಕಾಫಿ ತಂದುಕೊಟ್ಟರು. ಲಕ್ಕಮ್ಮ ಅಡುಗೆಮನೆಯ ಕಲ್ಲುಕಟ್ಟೆಯ ಮೇಲೆ ಕೈಯಾಡಿಸುತ್ತ, ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ ಎಂದು ಆಗಲೇ ಮನಸ್ಸಿನಲ್ಲಿ ಜೋಡಿಸುತ್ತಿದ್ದಳು.

"ನಿಮ್ದು ಯಾವ ಗೋತ್ರ?" ಎಂದರು ದೊರೆಸ್ವಾಮಿ, ಮಾತಿಗೆ ಮಾತು ಎಂಬಂತೆ.

"ಅದೆಲ್ಲ ನಮ್ಮಲ್ಲಿ ಅಷ್ಟಾಗಿ ನೋಡಲ್ಲ ಸ್ವಾಮಿ. ಕನಕಪುರದ ಕಡೆ ರಾಗಿ ಬೆಳೆಯೋ ಜನ ನಾವು."

ದೊರೆಸ್ವಾಮಿಯವರ ಮುಖ ಇಳಿಯಿತು. "ಅಲ್ಲಾ... ಕಂಪ್ಯೂಟರ್‌ನಲ್ಲಿ ನಮ್ಮವ್ರು ಅಂತ ಬಂದಿತ್ತು. ತಪ್ಪು ತಿಳ್ಕೋಬೇಡಿ. ಮೇಲುಗಡೆ ನಮ್ಮ ತಾಯಿ ಇದಾರೆ, ಮಡಿ ಮೈಲಿಗೆ ಅಂತಾರೆ..."

"ಅಯ್ಯೋ, ಬಿಡಿ ಸ್ವಾಮಿ," ಎಂದರು ಪುಟ್ಟಯ್ಯ, ಅವರಿಗೇ ಧೈರ್ಯ ಹೇಳುವವರಂತೆ. "ಎಲ್ಲೋ ತಪ್ಪಾಗಿದೆ. ನನ್ ಮಗ ಆ ಆಫೀಸ್ನಲ್ಲೇ ಇರೋದು. ಯಾರು ಹಿಂಗ್ ಮಾಡಿದ್ದು ಅಂತ ವಿಚಾರಿಸ್ತಾನೆ. ಅಲ್ವೇನಪ್ಪಾ?"

"ಹೂಂ" ಎಂದ ಅಭಿನಂದನ್.

ಅಷ್ಟರಲ್ಲಿ ಲಕ್ಕಮ್ಮ ಹೊರಬಂದಳು. "ಚೆನ್ನಾಗಿದೆ ಕಣಮ್ಮಾ ಮನೆ. ಯಾವಾಗ ಬರಬಹುದು?" ಎಂದು ಗೋದಾ ಅವರನ್ನು ಕೇಳಿದಳು. ಗೋದಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆಟೋದಲ್ಲಿ ವಾಪಸ್ ಬಂದರು. ಮನೆ ತಲುಪಿದ ಮೇಲೆ ಲಕ್ಕಮ್ಮ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಕೆಳಗೆ ನಿಂತಿದ್ದ ಪುಟ್ಟಯ್ಯ ಮಗನಿಗೆ ಮೆಲ್ಲಗೆ ಹೇಳಿದರು:

"ಆಫೀಸ್ನಲ್ಲಿ ಆ ಕೆಲ್ಸ ಮಾಡಿದೋನನ್ನ ಬೈಬೇಡ. ಗೊತ್ತಿಲ್ದೆ ಮಾಡಿರ್ತಾನೆ."

ಅಭಿನಂದನ್‌ಗೆ ತಡೆಯಲಾಗಲಿಲ್ಲ. "ಅಪ್ಪಾ, ಬದಲಾಯಿಸಿದ್ದು ನಾನೇ."

ಪುಟ್ಟಯ್ಯ ಅವನನ್ನೇ ನೋಡಿದರು. "ಮುಂಚೆ ಏನಂತ ಇತ್ತು?"

"ಜಾತಿ ನೋಡಿ ಒಂದು, ಎರಡು, ಮೂರು ಅಂತ ನಂಬರ್ ಹಾಕಿರ್ತಾರೆ. ನಿಮ್ದು ಮೂರು. ಹಂಗಿದ್ರೆ ಆ ಮನೆ ನಿಮಗೆ ಕಾಣ್ತಾನೇ ಇರ್ಲಿಲ್ಲ."

"ಹಂಗೆ ಒಂದು ಎರಡು ಮೂರು ಅಂತ ಮಾಡಿದ್ದು ಯಾರು?"

ಅವನು ತಲೆ ತಗ್ಗಿಸಿದ. "ಅದೂ ನಾನೇ."

ಬೈದಿದ್ದರೆ ಚೆನ್ನಾಗಿತ್ತು. ಪುಟ್ಟಯ್ಯ ಬೈಯಲಿಲ್ಲ. "ನಾನು ಯಾರು ಅಂತ ಹೇಳ್ಕೊಳ್ಳೋಕೆ ನನಗೆ ಯಾವತ್ತೂ ನಾಚಿಕೆ ಆಗಿರ್ಲಿಲ್ಲ ಕಣಪ್ಪಾ," ಎಂದಷ್ಟೇ ಹೇಳಿ, "ನನ್ ಹೆಸರು ತೆಗೆದ್ಬಿಡು ಅದ್ರಿಂದ" ಎಂದು ಹೆಂಡತಿಯ ಹಿಂದೆ ಮೆಟ್ಟಿಲು ಹತ್ತಿದರು.

ಸೋಮವಾರ ಅವನು ತಂದೆಯ ಖಾತೆ ಅಳಿಸಿದ. ಗುಂಪಿನ ಕಲಮನ್ನೇ ತೆಗೆಯೋಣ ಎಂದು ವರದರಾಜನನ್ನು ಕೇಳಿದ. "ತಲೆ ಕೆಟ್ಟಿದ್ಯಾ? ಓನರ್‌ಗಳೆಲ್ಲ ಬಿಟ್ಟೋಗ್ತಾರೆ" ಎಂದ ವರದರಾಜ. ಕೇಳದೆಯೇ ತೆಗೆಯಬಹುದಿತ್ತು, ಒಂದೇ ಸಾಲಿನ ಕೆಲಸ. ತಂದೆಗಾಗಿ ಕದ್ದು ಕಳಿಸಿದ ಕೈ, ಕಾಣದ ಬೇರೆ ಜನಕ್ಕಾಗಿ ಮೇಲೇಳಲಿಲ್ಲ. ಕೆಲಸ ಹೋದೀತೆಂದು ಹೆದರಿದ. ಆ ಹೆದರಿಕೆಯ ಬಗ್ಗೆಯೂ ನಾಚಿಕೆಯಾಯಿತು. ಆದರೂ ಕಲಂ ಹಾಗೇ ಉಳಿಯಿತು. ದೀಪಾವಳಿಯ ನಂತರ ಬೇರೆ ಕಂಪನಿ ಸೇರಿದಾಗ, ಹೊಸದಾಗಿ ಬಂದವನಿಗೆ ಅದನ್ನು ತಾನೇ ವಿವರಿಸಿಕೊಡಬೇಕಾಯಿತು.

ಅಷ್ಟು ಹೊತ್ತಿಗೆ ಪುಟ್ಟಯ್ಯ ಹನುಮಂತನಗರದಲ್ಲಿ 'ಬಾಡಿಗೆಗೆ ಇದೆ' ಎಂಬ ಬೋರ್ಡು ನೋಡಿಕೊಂಡು ಬಂದಿದ್ದರು. "ನಾನೂ ಬರ್ಲಾ ಅಪ್ಪಾ?" ಎಂದ ಅಭಿನಂದನ್.

"ಬೇಡಪ್ಪಾ, ನಾವೇ ಹೋಗಿ ಕೇಳ್ಕೊಂಡು ಬರ್ತೀವಿ." ದನಿಯಲ್ಲಿ ಕೋಪವಿರಲಿಲ್ಲ.

ಮನೆ ಸಿಕ್ಕಿತು. ಲಕ್ಕಮ್ಮ ಖುಷಿಯಿಂದ ಅಡುಗೆಮನೆಯ ಬಗ್ಗೆ ಹೇಳುತ್ತಿದ್ದಾಗ ಪುಟ್ಟಯ್ಯ ಚಪ್ಪಲಿ ಬಿಡುತ್ತ, "ಅವ್ರು ಕೇಳೋಕೆ ಮುಂಚೇನೇ ನಾವು ಯಾರು ಅಂತ ಹೇಳ್ಬಿಟ್ಟೆ" ಎಂದರು. ಹೇಳಿದ್ದು ಹೆಂಡತಿಯ ಕಡೆ ತಿರುಗಿ. ಅಭಿನಂದನ್ ಅಲ್ಲಿಯೇ ಇದ್ದ, ಆದರೆ ತಂದೆಯ ಮುಖ ನೋಡಲು ಅವನಿಂದಾಗಲಿಲ್ಲ.